ವಾರಕ್ಕೊಂದು ಗ್ರೀಕ್ ಮಾತು

“ನಿಮ್ಮಣ್ಣನ ಕಾಲಾನ ಧೂಳಿಗೂ ನೀ ಸಮ ಇಲ್ಲ!”

ಈರವ್ವ ಹೀಗೆ ಚೀರಿದಾಗ ಅಂಗಳದಲ್ಲಿ ಶ್ಯಾವಗಿ ಹೊಸೆಯುತ್ತಿದ್ದ ಹೆಂಗಸರ ಕೈ ಅಲ್ಲಲ್ಲೇ ನಿಂತವು. ಅವಳ ಮಗ ಗುರುಶಾಂತ ಮಾಡಿದ್ದಿಷ್ಟೇ: ಒಣಗಲು ಹರವಿದ್ದ ಶ್ಯಾವಗಿಯ ಹೊರಸಿಗೆ ಅವನ ಮೊಣಕಾಲು ತಾಗಿತ್ತು.

“ಏಳನೇ ಇಯತ್ತೇಕ್ಕ ಸಾಲಿ ಬಿಟ್ಟಿ. ತಾರಿಹಾಳದ ಕಾರ್ಖಾನ್ಯಾಗ ಕಬ್ಬಿಣ ತಿಕ್ಕೂದು ಬಿಟ್ರ ಏನ್ ಬರತೈತಿ ನಿನಗ? ನನ್ನ ಬಸು ನೋಡು, ಗ್ರೀಸ್ ದೇಶದಾಗ ಅವರ ಜೋಡಿ ಅವರ ಭಾಷಾದಾಗನ ಮಾತಾಡ್ತಾನ.”

“ಬಿಡ್ರಿ ಈರವ್ವಾ, ಬೆಳದ ಮಗ,” ಎಂದಳು ಪಕ್ಕದ ಮನೆಯ ಅಖ್ತರಬೇಗಂ.

“ಏನ್ ಬೆಳದಾನ? ಸಿಟ್ಟಷ್ಟ ಬೆಳದೈತಿ. ಹೆಸರು ನೋಡಿದ್ರ ಶಾಂತ!”

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಗುರುಶಾಂತನ ಕಿವಿ ಕಾದವು. ಹೊರಸನ್ನು ಒದ್ದು ಬಿಡಬೇಕೆನ್ನಿಸಿತು. ಒದೆಯಲಿಲ್ಲ. ಗೇಟು ಬಡಿದು ಓಣಿಗಿಳಿದ.

ಭಾನುವಾರ ಬಂದರೆ ಸಾಕು, ಹನ್ನೊಂದರ ಸುಮಾರಿಗೆ ಅವಳಿಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು. ಹೋದ ವಾರ ಸೈಕಲ್ ಅಡ್ಡ ನಿಲ್ಲಿಸಿದ್ದಕ್ಕೆ, ಅದರ ಹಿಂದಿನ ವಾರ ಉಂಡ ತಾಟು ಎತ್ತದ್ದಕ್ಕೆ. ಬೈಯಲು ಕಾರಣ ಸಿಗದಿದ್ದರೆ ಹುಡುಕುತ್ತಿದ್ದಳು.

ಕಾರ್ಖಾನೆಯಲ್ಲಿ ಚಹಾ ಬಿಡುವಿನ ಹೊತ್ತು ಅವನು ಕಿವಿಗೆ ವೈರು ಸಿಕ್ಕಿಸಿಕೊಂಡು ಮೂಲೆ ಹಿಡಿಯುತ್ತಿದ್ದ. ಮೊಬೈಲಿನೊಳಗಿನ ಹೆಂಗಸು ‘ಎಫ್ಖರಿಸ್ತೊ’ ಅನ್ನುತ್ತಿದ್ದಳು. ಅಂದರೆ ಉಪಕಾರವಾಯಿತು ಎಂದು. ಅವನು ಹಲ್ಲು ಕಚ್ಚಿ ಹಾಗೆಯೇ ಅನ್ನುತ್ತಿದ್ದ. ಸಾಲಿಯಲ್ಲಿ ಒಂದು ಪದ್ಯ ಬಾಯಿಗೆ ಹತ್ತದವನು ಗ್ರೈಂಡರಿನ ಕಿರುಚಾಟದ ನಡುವೆ ಒಂದೊಂದು ಮಾತನ್ನೂ ನೂರು ಸಲ ಅಂದುಕೊಂಡ.

“ಏನಪಾ, ನೀನೂ ಅಣ್ಣನ ಬೆನ್ನ ಹತ್ತಿ ಹೊಂಟಿಯೇನು?” ಎಂದು ದಸ್ತಗೀರಸಾಬ ಕೇಳಿದ್ದ. ಅವನು ಪಕ್ಕದ ಯಂತ್ರದಲ್ಲಿ ಕೆಲಸ ಮಾಡುವವನು.

“ಹೂಂ,” ಎಂದಿದ್ದ ಗುರುಶಾಂತ. ಅಣ್ಣನ ಮೇಲಿನ ಹೊಟ್ಟೆಕಿಚ್ಚಿಗೆ ಕಲಿಯುತ್ತಿದ್ದಾನೆ ಎಂದು ಎಲ್ಲರೂ ತಿಳಿದರು. ತಿಳಿಯಲಿ.

ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿ. ಭಾನುವಾರ ಬಾಗಿಲು ಹಾಕಿರುತ್ತದೆ. ಅದರ ಹಿಂದೆ ಹೋಗಿ ನಿಂತ. ಹಿಂದೆ ಮುಂದೆ ನೋಡಿದ. ಪ್ಯಾಂಟಿನ ಒಳಕಿಸೆಯಿಂದ ಇನ್ನೊಂದು ಫೋನ್ ತೆಗೆದ. ಗಂಟಲು ಸರಿ ಮಾಡಿಕೊಂಡ.

“ಕಲಿಮೇರಾ, ಅವ್ವಾ!”

ಅಣ್ಣ ಬಸವಪ್ರಭು ಗ್ರೀಸಿನ ಸ್ಟ್ರಾಬೆರಿ ತೋಟವೊಂದಕ್ಕೆ ಕೂಲಿಗೆ ಹೋಗಿದ್ದ. ಚಳಿಗಾಲದಲ್ಲಿ ಟ್ರ್ಯಾಕ್ಟರ್ ಮಗುಚಿ ಸತ್ತ. ಜೊತೆಗಿದ್ದ ಪಂಜಾಬಿ ಹುಡುಗ ಫೋನ್ ಮಾಡಿದ್ದು ಗುರುಶಾಂತನಿಗೆ. ಮಣ್ಣೂ ಅಲ್ಲೇ ಆಯಿತು. ಹೇಳಿಬಿಡಬೇಕೆಂದೇ ಅವನು ಮನೆಗೆ ಬಂದಿದ್ದ. ಈರವ್ವ ಕಟ್ಟೆಯ ಮೇಲೆ ಕೂತು ಅಖ್ತರಬೇಗಮಳಿಗೆ ಗ್ರೀಕ್ ಕಲಿಸುತ್ತಿದ್ದಳು. ಮಗ ಪ್ರತಿ ಭಾನುವಾರ ಫೋನಿನಲ್ಲಿ ಒಂದೊಂದು ಮಾತು ಹೇಳಿಕೊಡುತ್ತಾನಂತೆ, ಕರೆದುಕೊಂಡು ಹೋದಾಗ ಬೇಕಾಗುತ್ತದಂತೆ. ಅವಳ ಮುಖ ನೋಡಿ ಗುರುಶಾಂತ ಬಂದ ದಾರಿಯಲ್ಲೇ ತಿರುಗಿ ಹೋದ. ಮುಂದಿನ ಭಾನುವಾರ ಅಣ್ಣನ ಫೋನ್ ತಪ್ಪಲಿಲ್ಲ. ಇಬ್ಬರ ದನಿ ಮೊದಲಿಂದಲೂ ಒಂದೇ. ನಂಬರು ಓದುವುದು ಅವಳಿಗೆ ಬಾರದು.

ಅಣ್ಣ ಅವ್ವನ ಜೊತೆ ಏನು ಮಾತಾಡುತ್ತಿದ್ದನೋ ಅವನಿಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ಅವನು ಎಂದೂ ಮನೆಯಲ್ಲಿ ನಿಂತವನಲ್ಲ. ಹೊಗಳಿಕೆ ಕೇಳಲಾಗುತ್ತಿರಲಿಲ್ಲ. ಈಗ ಆ ಹೊಗಳಿಕೆಯನ್ನೇ ವಾರವಾರ ಕಾಪಾಡಬೇಕು. ಅವಳಿಗೆ ತಿಳಿಯಬಾರದು, ಅಷ್ಟೇ. ತಿಳಿದರೆ ಉಳಿಯುವವಳಲ್ಲ.

“ಕಲಿಮೇರಾ, ಬಸು. ತಿ ಕಾನಿಸ್?” ಶುಭೋದಯ, ಹೇಗಿದ್ದೀ ಎಂದು ಈರವ್ವ ಹೋದ ವಾರದ ಪಾಠ ಒಪ್ಪಿಸಿದಳು. ಹಿಂದೆ ಹೆಂಗಸರು ಭಲೇ ಎಂದರು.

ಅವನು ಅವಳ ಮೊಣಕಾಲು ನೋವು ಕೇಳಿದ. ನಳಕ್ಕೆ ನೀರು ಬಂತೇ ಎಂದು ಕೇಳಿದ. ಅಖ್ತರಬೇಗಮಳ ಮೊಮ್ಮಗಳನ್ನೂ ಬಿಡದೆ ಕೇಳಿದ.

“ಮತ್ತ ಯಾರನ್ನೂ ಕೇಳೂದಿಲ್ಲೇನು?” ಎಂದಳು ಅವ್ವ.

“ಇನ್ಯಾರದಾರ ಬೇ ಕೇಳಾಕ?”

ಅತ್ತ ಮನೆಯ ಬಾಗಿಲು ಮುಚ್ಚಿದ ಸದ್ದು ಕೇಳಿತು. ಹೆಂಗಸರ ಗದ್ದಲ ಅಡಗಿತು.

“ಹೋಗ್ಲಿ. ಈ ವಾರದ್ದು ನಾನ ಕೇಳ್ತೇನಿ. ಮನಿಗೆ ಬಾ ಅನ್ನಾಕ ಏನಂತಾರ?”

ಅವನು ‘ನೆರೊ’ ಕಲಿತು ಬಂದಿದ್ದ. ನೀರು. ಮನೆಗೆ ಬಾ ಅನ್ನುವುದೂ ಅವನಿಗೆ ಗೊತ್ತಿತ್ತು, ಆದರೆ ಇದೊಂದನ್ನು ಅವಳು ಕೇಳದಿರಲಿ ಎಂದುಕೊಂಡೇ ದಿನ ತಳ್ಳಿದ್ದ. ಬಾ ಅಂದರೆ ಯಾರು ಬರಬೇಕು?

“ಎಲಾ ಸ್ಪೀತಿ,” ಎಂದ. “ಆದ್ರ ಅವ್ವಾ, ಈ ವರ್ಷ ಮಾಲಕ ರಜಾ ಕೊಡಂಗಿಲ್ಲ. ಮುಂದಿನ ವರ್ಷ ನೋಡೂಣು...”

“ಎಲಾ ಸ್ಪೀತಿ.” ಅವಳು ನಾಲಿಗೆಯ ಮೇಲೆ ಹೊರಳಿಸಿ ನೋಡಿದಳು. ಮತ್ತೊಮ್ಮೆ ಅಂದಳು. ಆಮೇಲೆ ಮೆಲ್ಲಗೆ, “ಎಲಾ ಸ್ಪೀತಿ, ಶಾಂತಾ.”

ಗುರುಶಾಂತ ಓಣಿಯತ್ತ ತಿರುಗಿ ನೋಡಿದ.

“ಬಿಸಲಾಗ ನಿಂದರಬ್ಯಾಡ. ನಿಮ್ಮಣ್ಣ ಫೋನ್ ಮಾಡಿದ್ರ ಮೊದಲ ‘ತಮ್ಮ ಉಂಡಾನೇನು’ ಅಂತಿದ್ದ. ಅದಾದ ಮ್ಯಾಲ ಉಳದ ಮಾತು. ನೀ ಒಂದ ವಾರನೂ ನಿನ್ನ ಕೇಳಲಿಲ್ಲ. ಮೊದಲನೇ ದಿನನ ತಿಳೀತು ನನಗ. ಆದ್ರ ಏನ್ ಮಾಡ್ಲಿ, ನಿನ್ನ ಬೈದು ಹೊರಗ ಹಾಕಿದ್ರಷ್ಟ ಅವನ ಫೋನ್ ಬರ್ತಿತ್ತು.” ಉಸಿರೆಳೆದುಕೊಂಡಳು. “ಸಾಕಿನ್ನ. ನನ್ನ ಬಸು ಹೆಂಗ ಹೋದ, ಅದನ್ನರ ಹೇಳಪಾ.”

ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಹೇಳಿದರೆ ಅಣ್ಣ ಇನ್ನೊಮ್ಮೆ ಸತ್ತಂತೆ ಎಂದು ಮನೆಗೆ ಬೆನ್ನು ಹಾಕಿ, ಬಿಸಿಲಲ್ಲಿ, ನಡೆಯುತ್ತಲೇ ಹೋದ.