ಚಿಹ್ನೆಯ ಕೆಳಗೆ

ಪಂಚಾಯಿತಿಯ ಕೆಲಸಗಾರ ತಾಯಪ್ಪ ಸುಣ್ಣದ ಬಕೆಟ್ಟಿಗೆ ಬ್ರಷ್ ಅದ್ದಿದೊಡನೆ ನೀಲಗಂಗಮ್ಮ ತನ್ನ ಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಅವಳ ಹಿಂದೆ ಗೋಡೆಯಗಲಕ್ಕೂ ಪಕ್ಷವೊಂದರ ಚಿಹ್ನೆಯಿತ್ತು.

"ಸ್ವಲ್ಪ ಸರೀರಿ ಅಮ್ಮ. ಎಲೆಕ್ಷನ್ ನೀತಿಸಂಹಿತಿ ಬಂದೈತ್ರಿ. ಯಾವ ಗ್ವಾಡಿ ಮ್ಯಾಲೂ ಪಾರ್ಟಿ ಗುರುತು ಇರಂಗಿಲ್ಲ."

"ಅಳಿಸಪ್ಪ, ಬ್ಯಾಡ ಅನ್ನಂಗಿಲ್ಲ. ಆದ್ರ ಸುಣ್ಣ ಬಳೀಬ್ಯಾಡ, ಮೆತ್ತಗ ಕೆರಿ. ಅದರ ಕೆಳಗ ನನ್ನ ಮಗಳ ಮದುವಿ ಬರಹ ಐತಿ. ಅಕಿನ ತನ್ನ ಕೈಲೆ ಬರದಿದ್ಲು."

ಬಾಗಿಲಲ್ಲಿದ್ದ ಗಂಡ ಕೊಟ್ರಯ್ಯ ತಲೆ ತಗ್ಗಿಸಿದ. ಮದುವೆಯಾದ ವರ್ಷವೇ ಮಗಳು ಶೈಲಶ್ರೀ ಅದಿರು ಲಾರಿಗೆ ಸಿಕ್ಕು ತೀರಿಕೊಂಡಿದ್ದಳು. ಮದುವೆ ಬರಹದಲ್ಲಿ ಮಗಳ ಹೆಸರು ನೋಡಿ ಹೆಂಡತಿ ದಿನವೂ ಅಳಬಾರದೆಂದೇ, ಅವಳು ತವರಿಗೆ ಹೋಗಿದ್ದಾಗ ಗೋಡೆಯನ್ನು ಪಕ್ಷದವರಿಗೆ ಬಿಟ್ಟುಕೊಟ್ಟಿದ್ದ. ಹಿಂತಿರುಗಿದವಳು ಗೋಡೆಯ ಬಗ್ಗೆ ಏನೂ ಕೇಳಿರಲಿಲ್ಲ. ಮರೆತಳೆಂದು ಅವನು ಸಮಾಧಾನ ಪಟ್ಟುಕೊಂಡಿದ್ದ.

ತಾಯಪ್ಪ ತಗಡಿನಿಂದ ಕೆರೆದ. ಬಣ್ಣ ಉದುರಿತು, ಅಡಿಯಲ್ಲಿ ಬರೀ ಗೋಡೆ ಕಂಡಿತು.

"ಇನ್ನೊಂಚೂರು ಆಕಡಿ ನೋಡಪ್ಪ, ಅಲ್ಲಿರತೈತಿ" ಎಂದಳು ನೀಲಗಂಗಮ್ಮ.

ಎಲ್ಲಿಯೂ ಇಲ್ಲವೆಂದು ಕೊಟ್ರಯ್ಯನಿಗೆ ಗೊತ್ತಿತ್ತು. ಗೋಡೆ ಕೊಡುವ ಮುನ್ನ ಆ ಅಕ್ಷರಗಳನ್ನು ಅವನೇ ಉಜ್ಜಿ ತೊಳೆದಿದ್ದ. ಆದರೂ ಮೆಟ್ಟಿಲಿಳಿದು ಬಂದು, ತಾಯಪ್ಪನ ಕೈಯಿಂದ ತಗಡು ತೆಗೆದುಕೊಂಡು, ಹೆಂಡತಿ ಬೆರಳು ತೋರಿಸಿದಲ್ಲೆಲ್ಲ ಮೆಲ್ಲಗೆ ಕೆರೆಯುತ್ತ ಹೋದ.