ಹಿತ್ತಲಿನ ಹಳಿ

“ಕದ್ದ ಮಾಲಲ್ಲ ತಾನೇ, ಅಕ್ಕ?” ಗುಜರಿಯವನು ಗ್ಯಾಸ್ ಕಟರ್ ಹೊತ್ತಿಸದೆ ನಿಂತ.

ಅವಳು ಕ್ರಯಪತ್ರ ಮುಂದೆ ಹಿಡಿದಳು. ಮುಚ್ಚಿಹೋದ ಗಿರಣಿಯಿಂದ ಕೊಂಡ ಜಾಗ. ಹಿತ್ತಲಲ್ಲಿ ಹಾದುಹೋಗುವ ರೈಲು ಹಳಿಯೂ ಸೇರಿ ಎಂದು ಬರೆದಿತ್ತು. ಕೆಳಗೆ ಗಂಡ ಹೆಂಡತಿ ಇಬ್ಬರ ಸಹಿ.

“ಯಜಮಾನರಿಗೆ ಗೊತ್ತಾ?”

“ಮಾತ್ರೆ ತಗೊಂಡು ಮಲಗಿದ್ದಾರೆ. ನಾಲ್ಕಕ್ಕೆ ಏಳ್ತಾರೆ. ಅಷ್ಟರಲ್ಲಿ ಮುಗಿಸಿ.”

ಗುಜರಿಯವನು ಒಳಗೊಳಗೇ ನಕ್ಕ. ಗಂಡನ ಕಣ್ಣು ತಪ್ಪಿಸಿ ಹಂಡೆ ಮಾರುವವರನ್ನು ಕಂಡಿದ್ದ, ನಲ್ಲಿ ಬಿಚ್ಚಿ ಕೊಡುವವರನ್ನೂ ಕಂಡಿದ್ದ. ಹಳಿ ಮಾರುವವಳು ಇವಳೇ ಮೊದಲು. ಆದರೆ ಇವಳು ರೇಟು ಕೂಡ ಕೇಳಿರಲಿಲ್ಲ.

ಅವಳ ಫೋನ್ ಹೊಡೆದುಕೊಂಡಿತು. ಮೈದುನ. ಅವನ ಕೂಗು ಗುಜರಿಯವನಿಗೂ ಕೇಳಿಸಿತು.

“ಅತ್ತಿಗೆ, ಹಳಿ ಗುಜರಿಗೆ ಹಾಕ್ತಿದ್ದೀರಂತೆ, ತಲೆ ನೆಟ್ಟಗಿದೆಯಾ? ಬರೋ ತಿಂಗಳು ಗಿರಣಿ ಮತ್ತೆ ಶುರು. ಆ ಹಳಿ ಮೇಲೆ ಗೂಡ್ಸ್ ಗಾಡಿ ಓಡಿಸ್ತಾರೆ, ಬಾಡಿಗೆ ಕೊಡ್ತಾರೆ. ಕೂತು ತಿನ್ನಬಹುದು! ಮಗಳು ತೀರಿಹೋದಾಗಿಂದ ಅಣ್ಣನಿಗೆ ಲೋಕದ ಪರಿವೆ ಇಲ್ಲ ಅಂತ, ಅವನ ಕಣ್ಣಿಗೆ ಮಣ್ಣೆರಚ್ತೀರಾ?”

“ಗಾಡಿ ಓಡೋದು ಬೇಡ,” ಎಂದು ಫೋನ್ ಇಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ.

ಹಳಿಯುದ್ದಕ್ಕೂ ತುಕ್ಕು. ಮರದ ನೆರಳಲ್ಲಿ ಗೇಣುದ್ದ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು.

“ಇಲ್ಲಿ ಯಾರಾದರೂ ಕೂರ್ತಾರಾ, ಅಕ್ಕ?”

“ಅವರು ಒರಗಿಕೊಳ್ತಾರೆ. ಅದನ್ನೇ ಮೊದಲು ಕತ್ತರಿಸಿ.”

ಕಿಡಿ ಹಾರಿತು. ತುಂಡುಗಳು ಒಂದೊಂದಾಗಿ ಲಾರಿ ಏರಿದವು. ಅವಳು ಬಿಸಿಲಲ್ಲೇ ನಿಂತು ನೋಡಿದಳು, ಬೇರೆ ಯಾರದೋ ಮನೆಯ ಕೆಲಸ ನೋಡುವಂತೆ. ಲಾರಿ ಗೇಟು ದಾಟಿದಾಗ ನಾಲ್ಕಕ್ಕೆ ಐದು ನಿಮಿಷವಿತ್ತು.

ಗಂಡ ಎದ್ದ. ಮುಖ ತೊಳೆದು, ಚಪ್ಪಲಿ ಮೆಟ್ಟಿ, ಎಂದಿನಂತೆ ಹಿತ್ತಲಿಗೆ ನಡೆದ. ಅವಳು ಅಡುಗೆಮನೆಯ ಕಿಟಕಿಗೆ ಬಂದಳು. ಬರಿದಾದ ಜಲ್ಲಿಯ ಮೇಲೆ ಅವನು ಒಂದಷ್ಟು ಹೊತ್ತು ನಿಂತ. ಕಾಲಿನಿಂದ ಒಂದು ಕಲ್ಲನ್ನು ಸರಿಸಿದ. ಮತ್ತೆ ಅದನ್ನು ಇದ್ದಲ್ಲಿಗೇ ತಳ್ಳಿದ. ತಿರುಗಿ ಬಂದು ಬಾಗಿಲಲ್ಲಿ ನಿಂತ.

“ಟೀ ಆಗಿದೆಯಾ?”

“ಈಗ ಇಡ್ತೀನಿ.”

ಅವಳು ಮೂರು ಸಲ ಕಡ್ಡಿ ಗೀರಿದಳು. ಮೂರನೆಯದಕ್ಕೆ ಒಲೆ ಹೊತ್ತಿತು.

ಎಂಟು ವರ್ಷಗಳಿಂದ ದಿನವೂ ಆ ಹಳಿಗೆ ಕತ್ತು ಕೊಟ್ಟು, ಬಾರದ ರೈಲಿಗಾಗಿ ಆರು ಗಂಟೆಯವರೆಗೂ ಕಾದು ಮಲಗಿರುತ್ತಿದ್ದವನು, ಇವತ್ತು ನಾಲ್ಕೂಕಾಲಿಗೇ ಮನೆಯೊಳಗೆ ಬಂದಿದ್ದ.