ಪೈಲ್ವಾನರ ಸೈಕಲ್ಲು

ಕುಸ್ತಿ ಕಣದಲ್ಲಿ ಒಮ್ಮೆಯೂ ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದ ಪೈಲ್ವಾನ್ ಹುಲಗಪ್ಪಜ್ಜ ದಿನಾ ಸಂಜೆ ತನ್ನ ಹಳೇ ಸೈಕಲ್ಲನ್ನು ತಳ್ಳಿಕೊಂಡೇ ಪೇಟೆಗೆ ಬರುತ್ತಿದ್ದ. ಅದನ್ನು ಹತ್ತಿದ್ದನ್ನು ಈಚೆಗೆ ಯಾರೂ ಕಂಡಿರಲಿಲ್ಲ. ಹಳೇ ಉಕ್ಕಿನ ಸೈಕಲ್ಲುಗಳನ್ನು ಹುಡುಕಿ ಹುಡುಕಿ ಕೂಡಿಡುವ ಗುರುನಾಥನಿಗೆ ಅದರ ಮೇಲೇ ಕಣ್ಣು.

“ಏನ್ ಅಜ್ಜಾರ, ಇವತ್ತೂ ಪಂಕ್ಚರ್ ಏನ್ರೀ?” ಎಂದು ಅವನು ಚಹಾದಂಗಡಿಯ ಮಂದಿಗೆಲ್ಲ ಕೇಳುವಂತೆ ಕೂಗಿದ. ಎಲ್ಲರೂ ನಕ್ಕರು.

“ಹೌದಪಾ,” ಎಂದ ಅಜ್ಜ, ತಲೆ ಎತ್ತದೆ.

ಗುರುನಾಥ ಬಗ್ಗಿ ಎರಡೂ ಗಾಲಿ ಒತ್ತಿ ನೋಡಿದ. ಕಲ್ಲಿನಂತೆ ಗಟ್ಟಿಯಾಗಿದ್ದವು.

“ಗಾಳಿ ಐತಲ್ರೀ! ಹತ್ತಂಗಿಲ್ಲ, ಮಾರಂಗಿಲ್ಲ, ಬರೇ ನೂಕಾಕ ಇಷ್ಟು ಭಾರದ್ದು ಯಾಕ ಬೇಕ್ರೀ? ಕೊಡ್ರಿ ಇಲ್ಲಿ, ನಾನರ ಒಂದ್ ಸುತ್ತು ಹೊಡೀತೀನಿ.”

ಹ್ಯಾಂಡಲ್ಲಿಗೆ ಕೈ ಹಾಕಿ ಎಳೆದ. ಅಜ್ಜ ಬಿಡಲಿಲ್ಲ. ನಗು ಜೋರಾಯಿತು. ಇನ್ನೊಮ್ಮೆ ಜಗ್ಗಿ ಎಳೆದಾಗ ಸೈಕಲ್ಲು ಕೈಗೆ ಬಂತು. ಅದರ ಹಿಂದೆಯೇ ಅಜ್ಜನೂ ವಾಲಿ, ಗುರುನಾಥನ ಎದೆಗೆ ಬಂದು ಒರಗಿದ. ಆ ದೊಡ್ಡ ಕಾಲುಗಳು ಗಡಗಡ ನಡುಗುತ್ತಿದ್ದವು.

“ಪೈಲ್ವಾನ ಕೋಲು ಹಿಡದ ಅಂತ ಮಂದಿ ನಗಬಾರದಂತ ಇದನ್ನ ಹಿಡದೀನೋ ತಮ್ಮಾ,” ಅಜ್ಜ ಅವನ ಕಿವಿಯಲ್ಲಿ ಪಿಸುಗುಟ್ಟಿದ. “ನೀ ಹಂಗ ನಕ್ಕೋತ ನಿಂದ್ರು, ನನ್ನ ಕೈ ಮಾತ್ರ ಬಿಡಬ್ಯಾಡ.”